ಉಸ್ತಾದರ ಎರಡು ಚುಕ್ಕೆ

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದೆಲ್ಲ ಅದರಿಂದಲೇ ಆದದ್ದು. ಸಾರಿಗೆ ಉಪ್ಪು ಕಡಿಮೆಯಾದರೆ ನನಗೆ ಸಿಟ್ಟು ಬರುವುದಿಲ್ಲ, ಬಸ್ಸು ಒಂದು ಗಂಟೆ ತಡವಾದರೂ ಬರುವುದಿಲ್ಲ. ಆದರೆ ಐವತ್ತು ಅರವತ್ತು ವರ್ಷದ ಒಂದು ಒಳ್ಳೆಯ ಕೈಗಡಿಯಾರಕ್ಕೆ ಯಾರಾದರೂ ಪಾಲಿಶ್ ಹೊಡೆಸಿ, ಅದರ ಮುಖಕ್ಕೆ ಹೊಸ ಬಣ್ಣ ಬಳಿಸಿ, ಫಳಫಳ ಮಾಡಿಕೊಂಡು ಬಂದು ‘ನೋಡ್ರಿ ಹೆಂಗೈತೆ’ ಅಂದರೆ ನನಗೆ ನೆತ್ತಿಗೇರುತ್ತದೆ. ಮುಖ ಕಂದಿರಲಿ, ಮುಳ್ಳಿನ ಮೇಲಿನ ಹಸಿರು ಕಂದು ಬಣ್ಣಕ್ಕೆ ತಿರುಗಿರಲಿ, ಮೈಮೇಲೆ ಗೀರಿರಲಿ. ಹುಟ್ಟಿದಾಗ ಏನೇನಿತ್ತೋ ಅದೆಲ್ಲ ಒಳಗೂ ಹೊರಗೂ ಹಾಗೆಯೇ ಇರಬೇಕು. ನಮ್ಮಂಥ ಸಂಗ್ರಹಕಾರರು ಅದಕ್ಕೆ ಅಸಲು ಎನ್ನುತ್ತೇವೆ. ಒಂದು ಸ್ಕ್ರೂ ಬದಲಾಗಿದ್ದರೂ ನನ್ನ ಲೆಕ್ಕದಲ್ಲಿ ಅದು ಕಲಬೆರಕೆ.

ಅದರಲ್ಲೂ ನನಗೆ ಹುಚ್ಚು ಹಿಡಿದದ್ದು ಕ್ರೋನೋಗ್ರಾಫುಗಳದ್ದು. ಮಾಮೂಲಿ ವಾಚಿನೊಳಗೆ ಓಟದ ಪಂದ್ಯದ ಸ್ಟಾಪ್‌ವಾಚನ್ನೂ ಅಡಗಿಸಿಟ್ಟರೆ ಅದು ಕ್ರೋನೋಗ್ರಾಫ್. ಕೀಲಿ ಕೊಡುವ ತಿರುಪಿನ ಮೇಲೊಂದು ಕೆಳಗೊಂದು ಗುಂಡಿ ಇರುತ್ತದೆ. ಮೇಲಿನದನ್ನು ಒತ್ತಿದರೆ ನಡುವಿನ ಉದ್ದ ಮುಳ್ಳು ಓಡಲು ಶುರು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಟಕ್ಕನೆ ಹಿಂದಕ್ಕೆ ಹಾರಿ ಹನ್ನೆರಡರ ಮೇಲೆ ಕೂರುತ್ತದೆ. ಅಷ್ಟು ಸಣ್ಣ ಡಬ್ಬಿಯೊಳಗೆ ಇಷ್ಟು ಕೆಲಸ ಹೇಗೆ ತುಂಬಿಸಿದರು ಎಂದು ನನಗೆ ಇವತ್ತಿಗೂ ಬೆರಗು.

ಇಂಥವು ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಎಲ್ಲಿ ಸಿಗಬೇಕು ಎಂದು ಮುಂಬೈ ಪುಣೆಯ ಸಂಗ್ರಹಕಾರರು ವಾಟ್ಸಾಪಿನಲ್ಲಿ ನನ್ನನ್ನು ಕೇಳುತ್ತಿದ್ದರು. ನಾನು ಪಶುವೈದ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರನಾಗಿದ್ದೆ. ಹಟ್ಟಿಗಳಲ್ಲಿ ನನ್ನ ಹೆಸರು ಕುರಿ ಡಾಕ್ಟ್ರು. ಕರುಳುಬೇನೆಗೆ, ನೀಲಿನಾಲಿಗೆಗೆ ಸೂಜಿ ಹಾಕುತ್ತ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳನ್ನು ಮೂವತ್ತು ವರ್ಷ ತಿರುಗಿದ್ದೇನೆ. ಕುರಿಯನ್ನು ಒಬ್ಬರು ಅವುಚಿ ಹಿಡಿದುಕೊಳ್ಳಬೇಕಲ್ಲ, ಆಗ ನನ್ನ ಕೈ ಕುರಿಯ ತೊಡೆಯ ಮೇಲಿದ್ದರೆ ಕಣ್ಣು ಕುರಿ ಹಿಡಿದವರ ಮುಂಗೈ ಮೇಲೆ. ಹಾಗೆ ಮೂವತ್ತು ವರ್ಷಕ್ಕೆ ನನಗೆ ಸಿಕ್ಕಿದ್ದು ಬಹಳವಲ್ಲ, ಹೇಳಿಕೊಳ್ಳುವಂಥವು ಮೂರೇ ಮೂರು.

ಒಂದು ಮಾರಿಕಣಿವೆಯದು. ಅಣೆಕಟ್ಟೆಯ ಕಾಲುವೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ ಒಬ್ಬ ನೀರಾವರಿ ನೌಕರನ ಹತ್ತಿರ ಇತ್ತು. ಕಾಲುವೆಯಲ್ಲಿ ಒಣ ಬೆಂಡಿನ ತುಂಡು ತೇಲಿಬಿಟ್ಟು, ಈ ಕಲ್ಲಿನಿಂದ ಆ ಕಲ್ಲಿಗೆ ಎಷ್ಟು ಸೆಕೆಂಡಿಗೆ ಹೋಯಿತು ಎಂದು ಆ ವಾಚಿನಲ್ಲಿ ನೋಡಿ ನೀರಿನ ಓಟ ಬರೆದುಕೊಳ್ಳುತ್ತಿದ್ದನಂತೆ. ಇನ್ನೊಂದು ಹಿರಿಯೂರಿನದು. ತೀರಿಕೊಂಡ ಒಬ್ಬ ವೈದ್ಯರ ವಾಚು, ಅವರ ಕಾಂಪೌಂಡರನ ಮನೆಯಲ್ಲಿ ಉಳಿದಿತ್ತು. ಅದರ ಅಂಚಿನಲ್ಲಿ ಕೆಂಪು ಅಂಕಿಗಳಿವೆ, ರೋಗಿಯ ನಾಡಿ ಮೂವತ್ತು ಸಲ ಬಡಿಯುವವರೆಗೆ ಮುಳ್ಳು ಓಡಿಸಿದರೆ ನಿಮಿಷಕ್ಕೆ ಎಷ್ಟು ಎಂದು ತಾನೇ ತೋರಿಸುತ್ತದೆ. ಮೂರನೆಯದು ಹೊಳಲ್ಕೆರೆಯ ಒಬ್ಬ ಡ್ರಿಲ್ ಮೇಷ್ಟರದು. ಮಕ್ಕಳನ್ನು ಮೈದಾನದ ಸುತ್ತ ಓಡಿಸಿ ಓಡಿಸಿ ಅದರ ಮೇಲಿನ ಗುಂಡಿ ಒಂದು ಕಡೆಗೆ ಸವೆದಿದೆ. ಆ ಸವಕಳಿಗೆ ನಾನು ಪ್ರಾಣ ಬಿಡುತ್ತೇನೆ.

ಮೂರೂ ನನ್ನ ಕೈಗೆ ಬಂದಾಗ ಸತ್ತಿದ್ದವು. ಅವುಗಳಿಗೆ ಜೀವ ಕೊಟ್ಟವನು ನನ್ನ ಗೆಳೆಯ.

ಅವನ ಅಂಗಡಿ ಚಿತ್ರದುರ್ಗದ ಹಳೇ ಪೇಟೆಯ ಬೀದಿಯಲ್ಲಿತ್ತು. ಅಂಗಡಿಯೆಂದರೆ ಅಂಗಡಿಯಲ್ಲ, ಗೋಡೆಯಲ್ಲಿ ಕೊರೆದ ಗೂಡು. ಪಕ್ಕದಲ್ಲೇ ಹಿಟ್ಟಿನ ಗಿರಣಿ. ವಾಚಿಗೆ ಧೂಳು ಹಗೆ, ಗಿರಣಿಯಿಂದ ದಿನವಿಡೀ ಹಾರುವುದು ರಾಗಿಯ ಧೂಳು. ಹಾಗಾಗಿ ಬಿಚ್ಚಿದ ಒಂದೊಂದು ಭಾಗಕ್ಕೂ ಒಂದೊಂದು ಗಾಜಿನ ಲೋಟ ಬೋರಲು ಹಾಕಿರುತ್ತಿದ್ದ. ಗಿರಣಿಯವನ ಜೊತೆ ಬೆಳಿಗ್ಗೆ ಜಗಳ, ಮಧ್ಯಾಹ್ನ ಎಲೆಅಡಿಕೆ. ಅವನು ಹುಟ್ಟಿದ್ದು ಹೊಸದುರ್ಗದ ಕಡೆ ಮಾಡದಕೆರೆಯಲ್ಲಿ, ಕುರಿ ಕಾಯುವ ಮನೆತನದಲ್ಲಿ. ಚಿಕ್ಕಂದಿನಲ್ಲೇ ಒಂದು ಕಾಲು ಸೊಟ್ಟಗಾಯಿತು. ಹಿಂಡಿನ ಹಿಂದೆ ಹೋಗಲಾರದವನನ್ನು ಏನು ಮಾಡುವುದು ಎಂದು ಅವನಪ್ಪ ದುರ್ಗಕ್ಕೆ ಕರೆತಂದು ಒಬ್ಬ ವಾಚ್ ರಿಪೇರಿ ಸಾಬರ ಹತ್ತಿರ ಬಿಟ್ಟು ಹೋದ. ಅವರನ್ನು ಅವನು ಕೊನೆಯವರೆಗೂ ಉಸ್ತಾದರು ಎಂದೇ ಕರೆದ, ಹೆಸರು ಹಿಡಿದದ್ದನ್ನು ನಾನು ಕೇಳಿಲ್ಲ.

ಉಸ್ತಾದರು ಸಾಯುವ ಮುಂಚೆ ತಮ್ಮ ಸ್ವಂತ ಕ್ರೋನೋಗ್ರಾಫನ್ನು ಇವನ ಕೈಗೆ ಕಟ್ಟಿ ಹೋಗಿದ್ದರು. ನಾನು ಇವನ ಅಂಗಡಿಗೆ ಮೊದಲ ಸಲ ಹೋದದ್ದು ಏನೋ ರಿಪೇರಿಗೆ, ಮತ್ತೆ ಮತ್ತೆ ಹೋದದ್ದು ಆ ವಾಚನ್ನು ನೋಡುವುದಕ್ಕೆ. ಹಾಲಿನ ಕೆನೆಯ ಬಣ್ಣದ ಮುಖ, ನೀಲಿ ಮುಳ್ಳುಗಳು, ಪಟ್ಟಿ ಸಿಕ್ಕಿಸುವ ಹೆಗಲಿನ ಅಂಚು ಇನ್ನೂ ಚೂಪು. ಪಾಲಿಶ್ಶಿನ ಚಕ್ರ ಅದರ ಹತ್ತಿರವೂ ಸುಳಿದಿರಲಿಲ್ಲ. ಟೀ ಹೇಳಿದ ಕೂಡಲೇ ಅವನು ಗುಂಡಿ ಒತ್ತುತ್ತಿದ್ದ, ಟೀ ಬಂದಾಗ ಇನ್ನೊಮ್ಮೆ ಒತ್ತಿ ಹೋಟೆಲಿನವನಿಗೆ ಇವತ್ತು ಏಳು ನಿಮಿಷ ನಲವತ್ತು ಸೆಕೆಂಡು ಎಂದು ಗಂಭೀರವಾಗಿ ತೀರ್ಪು ಕೊಡುತ್ತಿದ್ದ. ಅದು ನನಗೆ ಬೇಕು ಎಂದು ಎಷ್ಟು ಸಲ ಬಾಯಿ ಬಿಟ್ಟು ಕೇಳಿದ್ದೇನೋ. ಕೊನೆಗೊಂದು ದಿನ, ನನ್ನ ಕೈ ಕೆಲಸ ನಿಂತ ದಿನ ಅದು ನಿನ್ನದೇ, ಅಲ್ಲೀವರೆಗೂ ಸುಮ್ಮನಿರು ಎಂದ. ನಾನು ಸುಮ್ಮನಿದ್ದೆ, ಆದರೆ ಆಸೆ ಬಿಡಲಿಲ್ಲ.

ಒಂದು ಸಂಗತಿ ಇಲ್ಲಿ ಹೇಳಬೇಕು. ಆ ಕಾಲದ ಕ್ರೋನೋಗ್ರಾಫುಗಳ ಮುಖದ ಮೇಲೆ ಹೆಸರು ನೂರೆಂಟು ಇರಬಹುದು, ಒಳಗಿನ ಯಂತ್ರ ಮಾಡುತ್ತಿದ್ದ ಕಾರ್ಖಾನೆಗಳು ಕೆಲವೇ. ನನ್ನ ಮೂರು ವಾಚುಗಳ ಯಂತ್ರವೂ ಉಸ್ತಾದರ ವಾಚಿನ ಯಂತ್ರವೂ ಒಂದೇ. ಅದನ್ನು ನನಗೆ ಕಲಿಸಿದವನೂ ಅವನೇ. ಮಾರಿಕಣಿವೆಯ ವಾಚಿನೊಳಗೆ ನೀರು ಹೋಗಿ ಓಟದ ಚಕ್ರ ತುಕ್ಕು ತಿಂದಿತ್ತು. ಹಿರಿಯೂರಿನದರಲ್ಲಿ ಮುಳ್ಳನ್ನು ಹಿಂದಕ್ಕೆ ಹೊಡೆಯುವ ಪುಟ್ಟ ಸುತ್ತಿಗೆ ಮುರಿದಿತ್ತು. ಹೊಳಲ್ಕೆರೆಯದರಲ್ಲಿ ಒಂದು ಸ್ಪ್ರಿಂಗೂ ಒಂದು ಚಕ್ರವೂ ಇರಲೇ ಇಲ್ಲ. ಈಗ ಇವನ್ನು ಯಾರೂ ತಯಾರಿಸುವುದಿಲ್ಲ. ಒಂದೊಂದು ಸಲವೂ ಅವನು ಮುಂಬೈಯ ಗುಜರಿ ಬಜಾರಿಗೆ ಹೇಳಿ ಕಳಿಸಿದ್ದೇನೆ, ಅಲ್ಲಿಂದ ಬರಬೇಕು ಎನ್ನುತ್ತಿದ್ದ. ನಾನು ಖಂಡತುಂಡವಾಗಿ ಹೇಳುತ್ತಿದ್ದೆ, ಬೇರೆ ಕಾರ್ಖಾನೆಯ ತುಂಡು ಹಾಕಿದರೆ ನನಗೆ ವಾಚೇ ಬೇಡ, ಅದೇ ಯಂತ್ರದ ಅದೇ ಕಾಲದ ತುಂಡಾದರೆ ಮಾತ್ರ ಹಾಕು, ಅದೂ ಡಬ್ಬಿಯಿಂದ ಬಿಚ್ಚದ ಹೊಸ ತುಂಡಾಗಿರಬೇಕು, ಇನ್ನೊಂದು ವಾಚಿನ ಹೆಣದಿಂದ ಕಿತ್ತದ್ದಲ್ಲ. ಅವನು ಹೂಂ ಅನ್ನುತ್ತಿದ್ದ. ಕೆಲವು ವಾರಕ್ಕೆ ವಾಚು ಓಡುತ್ತಿತ್ತು. ಹೊಸ ತುಂಡು ಸಿಕ್ಕಿತಾ ಎಂದರೆ ಸಿಕ್ಕಿತು ಎನ್ನುತ್ತಿದ್ದ.

ಒಮ್ಮೆ ಮತ್ತೋಡಿನಿಂದ ಒಬ್ಬ ಹುಡುಗ ತನ್ನ ಅಜ್ಜನ ವಾಚು ತಂದಿದ್ದ. ಚೆನ್ನಾಗಿಯೇ ಇತ್ತು. ನಾನು ಭೂತಗನ್ನಡಿ ಇಟ್ಟು ನೋಡಿ, ಒಳಗಿನ ಒಂದು ಸ್ಕ್ರೂ ಬೇರೆಯದು, ಇದು ಕಲಬೆರಕೆ ಎಂದು ಅವನ ಮುಖದ ಮೇಲೆಯೇ ಹೇಳಿದೆ. ಅವನು ವಾಚನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದ. ಅವನು ಹೋದ ಮೇಲೆ ನನ್ನ ಗೆಳೆಯ ಕಣ್ಣಿಗೆ ಸಿಕ್ಕಿಸಿದ್ದ ಗಾಜು ತೆಗೆಯದೆಯೇ ಕೇಳಿದ.

“ಹಲ್ಲು ಕಟ್ಟಿಸ್ಕಂಡ್ರೆ ಮನುಷ್ಯ ಮನುಷ್ಯ ಅಲ್ವೇನಪ್ಪ?”

ಮನುಷ್ಯರ ಮಾತು ಬೇರೆ, ವಾಚಿನ ಮಾತು ಬೇರೆ ಎಂದೆ. ಅವನು ನಕ್ಕ. ನನ್ನ ಹತ್ತಿರ ವಾದ ಮಾಡುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಅವನಿಗೆ ಗೊತ್ತಿತ್ತು.

ಹೊಳಲ್ಕೆರೆಯ ವಾಚಿಗೆ ಅವನು ಹನ್ನೊಂದು ದಿನ ತೆಗೆದುಕೊಂಡ. ಒಂದು ಸ್ಪ್ರಿಂಗು ಒಂದು ಚಕ್ರ ಕೂರಿಸಲು ಹನ್ನೊಂದು ದಿನವೇ ಎಂದು ನಾನು ರೇಗಿದೆ. ಬೆಂಗಳೂರಿನಲ್ಲಿ ಸಂಗ್ರಹಕಾರರ ಕೂಟವಿತ್ತು, ಮೂರನ್ನೂ ಒಟ್ಟಿಗೆ ಇಟ್ಟು ತೋರಿಸುವ ಅವಸರ ನನಗೆ. ಅವನು ತಲೆ ಎತ್ತಲಿಲ್ಲ. ಬೆಳಕು ಸಾಲದು ಎಂದ. ಹಗಲು ಹನ್ನೆರಡು ಗಂಟೆ, ಬೀದಿಯಲ್ಲಿ ಕಣ್ಣು ಕುಕ್ಕುವ ಬಿಸಿಲು, ಮೇಲಿಂದ ಎರಡು ಬಲ್ಬು ಹಾಕಿಕೊಂಡಿದ್ದ. ಅದನ್ನು ಕಂಡೂ ನನಗೆ ಏನೂ ಹೊಳೆಯಲಿಲ್ಲ.

ಕೂಟದಲ್ಲಿ ನನ್ನ ಮೂರು ವಾಚುಗಳ ಸುತ್ತ ಜನ ನೆರೆದರು. ಒಬ್ಬರು ಹೊಳಲ್ಕೆರೆಯದರ ಗುಂಡಿ ಒತ್ತಿ, ಮುಳ್ಳು ಹಿಂದಕ್ಕೆ ಹಾರುವುದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಎಲ್ಲ ಅಸಲೇ ಎಂದು ಕೇಳಿದವರಿಗೆಲ್ಲ ನಾನು ಎದೆಯುಬ್ಬಿಸಿ ಹೌದೆಂದೆ. ರಿಪೇರಿ ಮಾಡಿದವರು ಯಾರು ಎಂದು ಒಬ್ಬರು ಕೇಳಿದ್ದರು. ನಮ್ಮೂರಿನಲ್ಲಿ ಒಬ್ಬ ಇದ್ದಾನೆ ಎಂದಷ್ಟೇ ಹೇಳಿ ಮುಂದಿನ ಪ್ರಶ್ನೆಗೆ ತಿರುಗಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆಮೇಲೆ ಎರಡೇ ತಿಂಗಳಿಗೆ ಅವನು ಅಂಗಡಿ ಮುಚ್ಚಿದ. ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಎರಡು ವರ್ಷದ ಹಿಂದೆಯೇ ಹೇಳಿದ್ದರು, ಅವನು ನನಗೆ ಹೇಳಿರಲಿಲ್ಲ. ಗಂಡ ಹೆಂಡತಿ ಮಾಡದಕೆರೆಗೆ, ಅಣ್ಣತಮ್ಮಂದಿರ ಹಟ್ಟಿಯ ಪಕ್ಕದ ಮನೆಗೆ ಹೊರಟರು. ಸಾಮಾನು ಸಾಗಿಸುವ ದಿನ ನಾನು ಹೋಗಿದ್ದೆ. ಗಾಜಿನ ಲೋಟಗಳನ್ನೆಲ್ಲ ಗಿರಣಿಯವನಿಗೆ ಕೊಟ್ಟ. ಕೈಯಿಂದ ಉಸ್ತಾದರ ವಾಚು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದ.

“ಇದನ್ನ ಬಿಚ್ಚಬ್ಯಾಡ. ಕಟ್ಕಂಡು ತಿರುಗಾಡು ಸಾಕು,” ಎಂದ.

ಸಂಗ್ರಹಕಾರನಿಗೆ ಬಿಚ್ಚಬೇಡ ಎನ್ನುವುದು ಬೆಕ್ಕಿಗೆ ಹಾಲು ನೋಡಬೇಡ ಎಂದ ಹಾಗೆ. ಒಂದು ವಾರ ಗುಂಡಿಯನ್ನೂ ಮುಟ್ಟದೆ ತಡೆದುಕೊಂಡೆ. ಒಳಗಿನ ಯಂತ್ರದ ಫೋಟೋ ಕಳಿಸಿ ಎಂದು ವಾಟ್ಸಾಪಿನವರು ಪೀಡಿಸುತ್ತಿದ್ದರು. ನಾನಾದರೂ ಒಂದು ಸಲವೂ ಅದರ ಒಳಗನ್ನು ನೋಡಿದವನಲ್ಲ. ಗುಂಡಿ ಒತ್ತಿದೆ. ಬೆರಳಿಗೆ ಏನೂ ಸಿಗಲಿಲ್ಲ, ಕೊಳೆತ ಹಣ್ಣನ್ನು ಒತ್ತಿದ ಹಾಗೆ ಒಳಕ್ಕೆ ಹೋಯಿತು. ಮುಳ್ಳು ಅಲುಗಲಿಲ್ಲ. ಮುಚ್ಚಳ ತೆಗೆದೆ.

ಗಂಟೆ ನಿಮಿಷ ನಡೆಸುವ ಭಾಗ ಮಾತ್ರ ಸರಿಯಾಗಿತ್ತು. ಅದರ ಮೇಲಿನ ಕ್ರೋನೋಗ್ರಾಫಿನ ಅಂತಸ್ತು ಹಾಳುಮನೆ. ಓಟದ ಚಕ್ರದ ಜಾಗದಲ್ಲಿ ಗುಂಡಗೆ ಅರದಿಂದ ತಿದ್ದಿದ ಹಿತ್ತಾಳೆಯ ಬಿಲ್ಲೆ. ಸುತ್ತಿಗೆ, ನಿಮಿಷ ಎಣಿಸುವ ಚಕ್ರ ಇರಬೇಕಾದಲ್ಲಿ ಏನೂ ಇಲ್ಲ. ಸ್ಪ್ರಿಂಗಿನ ಬದಲು ಬಾಗಿಸಿದ ಸೂಜಿ. ನನಗೆ ದುಃಖವಾಗಲಿಲ್ಲ, ಸಿಟ್ಟು ಬಂತು. ಇಪ್ಪತ್ತು ವರ್ಷ ಕಾದ ವಾಚು. ಅವನು ಟೀ ಬರುವ ಹೊತ್ತನ್ನು ಅಳೆಯುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ವಯಸ್ಸಾಯಿತು, ತಮಾಷೆ ಕಡಿಮೆಯಾಯಿತು ಎಂದುಕೊಂಡಿದ್ದೆ. ಈಗ ಕಾರಣ ತಿಳಿಯಿತು ಎಂದುಕೊಂಡೆ. ಬೆಲೆಬಾಳುವ ಭಾಗಗಳನ್ನು ಯಾರಿಗೋ ದಾಟಿಸಿ, ಸಿಪ್ಪೆಯನ್ನು ನನಗೆ ಕೊಟ್ಟಿದ್ದಾನೆ ಎಂದು ನನ್ನ ಬುದ್ಧಿ ನೇರವಾಗಿ ಅಲ್ಲಿಗೇ ಹೋಯಿತು. ಬೇರೆ ದಾರಿಯೇ ಅದಕ್ಕೆ ಕಾಣಲಿಲ್ಲ.

ಮರುದಿನವೇ ಹೊಳಲ್ಕೆರೆಯ ಮೇಲೆ ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಮಾಡದಕೆರೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೋ ಎಲ್ಲ ಜೋಡಿಸಿಕೊಂಡೆ. ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ನನ್ನ ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದು ಬಾರಪ್ಪ ಎಂದ. ನಾನು ಕೂರಲಿಲ್ಲ. ಗುರು ಕೊಟ್ಟ ವಾಚನ್ನು ತುಂಡುತುಂಡಾಗಿ ಮಾರಿಕೊಂಡೆಯಾ ಎಂದು ಕೇಳಿದೆ. ಇಷ್ಟು ವರ್ಷ ಖಾಲಿ ಡಬ್ಬ ಕೈಗೆ ಕಟ್ಟಿಕೊಂಡು ನನ್ನನ್ನು ಆಸೆಯಲ್ಲಿ ಕಾಯಿಸಿದೆಯಲ್ಲ, ನಿನಗಿಂತ ಕಳ್ಳ ವಾಸಿ ಎಂದೆ. ಪಕ್ಕದ ದೊಡ್ಡಿಯಲ್ಲಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದ ಅವನ ಅಣ್ಣ ಕೆಲಸ ನಿಲ್ಲಿಸಿ ನೋಡಿದ. ಅವನ ಹೆಂಡತಿ ಬಾಗಿಲಿಗೆ ಬಂದು ಏನೋ ಹೇಳಲು ಬಾಯಿ ತೆರೆದಳು. ಅವನು ಕೈ ಎತ್ತಿ ಅವಳನ್ನು ತಡೆದ. ನನ್ನ ಕಡೆ ಮುಖ ತಿರುಗಿಸಿ ಹೇಳಿದ.

“ಹೂಂ. ಬಿಚ್ಚಿ ಮಾರ್ಕಂಡೆ. ತಪ್ಪಾತು.”

ನಾನು ವಾಚನ್ನು ಕಟ್ಟೆಯ ಮೇಲೆ ಅವನ ಪಕ್ಕ ಇಟ್ಟು ಬಂದೆ. ತಪ್ಪೊಪ್ಪಿಕೊಂಡವನ ಮುಖ ಅಷ್ಟು ನಿರಾಳವಾಗಿ ಏಕಿತ್ತು ಎಂದು ಬಸ್ಸಿನಲ್ಲಿ ಒಂದು ಗಳಿಗೆ ಅನಿಸಿತು. ಸಿಟ್ಟು ಅದನ್ನು ಮುಚ್ಚಿಹಾಕಿತು.

ಹತ್ತು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಫೋನೂ ಮಾಡಲಿಲ್ಲ, ಅವನೂ ಮಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನಗೆ ಆಗ ಮಾತು ಹೋದದ್ದಕ್ಕಿಂತ ವಾಚು ಹೋದದ್ದೇ ದೊಡ್ಡದಾಗಿತ್ತು. ಆದರೂ ಬೆಳಿಗ್ಗೆ ಹತ್ತಾದರೆ ಕಾಲು ತಾನಾಗಿ ಪೇಟೆಯ ಕಡೆ ತಿರುಗುತ್ತಿತ್ತು. ಅಂಗಡಿಯ ಗೂಡಿನಲ್ಲಿ ಯಾರೋ ಮೊಬೈಲಿನ ಕವರು ಮಾರುತ್ತಿದ್ದರು. ಗಿರಣಿಯವನು ನನ್ನನ್ನು ಕಂಡರೆ ಅವನ ಸುದ್ದಿ ಕೇಳುತ್ತಿದ್ದ. ಚೆನ್ನಾಗಿದ್ದಾನೆ ಎಂದು ಸುಳ್ಳು ಹೇಳುತ್ತಿದ್ದೆ.

ಹೊಳಲ್ಕೆರೆಯ ವಾಚಿನ ಮುಳ್ಳು ಒಂದು ದಿನ ಓಡುವುದನ್ನು ಅರ್ಧಕ್ಕೆ ನಿಲ್ಲಿಸಿತು. ಯಾರ ಹತ್ತಿರ ಹೋಗುವುದು? ಹಿರಿಯೂರಿನಲ್ಲಿ ಒಬ್ಬರು ವಯಸ್ಸಾದ ರಿಪೇರಿಯವರಿದ್ದಾರೆ, ಹಳೇ ವಾಚು ಬಲ್ಲವರು ಎಂದು ತಿಳಿಯಿತು. ಹೋದೆ. ಅವರು ಚಾಕು ತಿರುವಿ ಮುಚ್ಚಳ ಎಬ್ಬಿಸಿದರು, ಗಾಜು ಕಣ್ಣಿಗೇರಿಸಿದರು, ಚಿಮುಟಿಗೆಯಲ್ಲಿ ಒಂದು ಚಕ್ರ ಎತ್ತಿ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಎಣ್ಣೆ ಗಟ್ಟಿಯಾಗಿದೆ, ಅಷ್ಟೇ, ಎಂದರು. ಆಮೇಲೆ ಚಕ್ರವನ್ನು ಬಿಳಿ ಕಾಗದದ ಮೇಲಿಟ್ಟು ಗಾಜನ್ನು ನನಗೆ ಕೊಟ್ಟರು. ಚಕ್ರದ ಅಡಿ ಮೈಯಲ್ಲಿ, ಯಾರಿಗೂ ಕಾಣದ ಕಡೆ, ಸೂಜಿಮೊನೆಯಷ್ಟು ಸಣ್ಣ ಎರಡು ಚುಕ್ಕೆಗಳು ಪಕ್ಕಪಕ್ಕದಲ್ಲಿದ್ದವು.

“ಇದು ದುರ್ಗದ ಉಸ್ತಾದ್ರ ಗುರುತು. ನಮ್ಮಪ್ಪ ಅವ್ರ ಹತ್ರನೇ ಕಲ್ತಿದ್ದು,” ಎಂದರು. “ಒಂದೇ ಥರದ ಮಿಶಿನ್ನು ಬಾಳ ಬರ್ತಿದ್ವಲ್ಲ, ಬೆರಕೆ ಆಗ್ಬಾರ್ದು ಅಂತ ಅವ್ರ ಸ್ವಂತ ವಾಚಿನ ಪಾರ್ಟಿಗೆಲ್ಲ ಎರಡು ಚುಕ್ಕಿ ಹೊಡೆದಿದ್ರು. ಬ್ಯಾರೆ ಯಾವ ವಾಚಿಗೂ ಹೊಡೀತಿರ್ಲಿಲ್ಲ. ಇದು ನಿಮ್ಮ ವಾಚಿನಾಗೆ ಹೆಂಗೆ ಬಂತು?”

ನಾನು ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ನೀರು ಕೊಟ್ಟರು, ಕುಡಿದೆ. ಸ್ಪ್ರಿಂಗನ್ನೂ ನೋಡಿ ಎಂದೆ. ಅದರ ತುದಿಯಲ್ಲೂ ಎರಡು ಚುಕ್ಕೆ.

ಮರುದಿನ ಮಾರಿಕಣಿವೆಯ ವಾಚನ್ನೂ ಹಿರಿಯೂರಿನ ವೈದ್ಯರ ವಾಚನ್ನೂ ತೆಗೆದುಕೊಂಡು ಹೋಗಿ ಎರಡನ್ನೂ ಬಿಚ್ಚಿಸಿದೆ. ಮಾರಿಕಣಿವೆಯದರ ಚಕ್ರದ ಅಡಿಯಲ್ಲಿ ಎರಡು ಚುಕ್ಕೆ. ವೈದ್ಯರ ವಾಚಿನ ಸುತ್ತಿಗೆಯ ಅಡಿಯಲ್ಲಿ ಎರಡು ಚುಕ್ಕೆ. ಹೊಳಲ್ಕೆರೆಯದಕ್ಕೆ ಕೊಡಲು ಚಕ್ರ ಇನ್ನೊಂದು ಎಲ್ಲಿತ್ತು ಎಂದು ಕೇಳಿದರೆ, ಅದು ಬೇರೆ ಚಕ್ರ, ನಿಮಿಷ ಎಣಿಸುವುದು, ಉಸ್ತಾದರ ವಾಚಿನಿಂದ ಅದನ್ನೂ ಬಿಡದೆ ಕಿತ್ತಿದ್ದಾರೆ ಎಂದರು ಅವರು. ಮುಂಬೈಯಿಂದ ಏನೂ ಬಂದಿರಲಿಲ್ಲ. ನನ್ನ ಒಂದೊಂದು ವಾಚು ಬದುಕಿದಾಗಲೂ ಅವನ ಕೈಯ ಮೇಲಿನದು ಒಂದಿಷ್ಟು ಸತ್ತಿತ್ತು. ಹೊರಗಿನಿಂದ ನಾನು ಕಂಡುಹಿಡಿಯಬಾರದೆಂದು ಮುಖ, ಮುಳ್ಳು, ಮೈ ಮುಟ್ಟದೆ ಒಳಗಿನಿಂದ ಕೊಟ್ಟಿದ್ದ. ಹೆಣದಿಂದ ಕಿತ್ತ ತುಂಡು ಬೇಡ ಎಂದಿದ್ದೆನಲ್ಲ, ಅವನು ಉಸಿರಾಡುವ ವಾಚಿನಿಂದ ಕಿತ್ತು ಕೊಟ್ಟ. ಕೊನೆಯದನ್ನು, ಆ ಹನ್ನೊಂದು ದಿನದ್ದನ್ನು, ಅರ್ಧ ಕಣ್ಣಿನಲ್ಲಿ ಕೂರಿಸಿದ್ದ. ನಾನು ಅವನಿಗೆ ಕಳ್ಳ ವಾಸಿ ಎಂದಿದ್ದೆ. ಉಂಡ ಮನೆಯ ಜಂತೆ ಎಣಿಸಿದವನು ನಾನು.

ಮೂರು ವಾಚನ್ನೂ ಹತ್ತಿಯಲ್ಲಿ ಸುತ್ತಿ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಮಾಡದಕೆರೆಗೆ ಹೋದೆ. ಕ್ಷಮೆ ಕೇಳಬೇಕು, ಅವನ ತುಂಡುಗಳನ್ನು ಅವನಿಗೆ ಹಿಂದಿರುಗಿಸಬೇಕು, ಉಸ್ತಾದರ ವಾಚು ಮತ್ತೆ ಓಡಬೇಕು. ಇದಿಷ್ಟೇ ನನ್ನ ತಲೆಯಲ್ಲಿದ್ದದ್ದು. ನನ್ನ ಮೂರೂ ಸತ್ತರೆ ಸಾಯಲಿ ಎಂದುಕೊಂಡಿದ್ದೆ, ನಿಜವಾಗಿಯೂ.

ಅವನ ಹೆಂಡತಿ ಬಾಗಿಲಲ್ಲಿ ನನ್ನನ್ನು ಕಂಡು ಬರ್ರಿ ಅಂದಳು. ಯಾವಾಗಲೂ ಅದರ ಹಿಂದೆಯೇ ಬರುತ್ತಿದ್ದ ಕುಂತ್ಕಳ್ರಿ ಬರಲಿಲ್ಲ. ನಾನು ಅಲ್ಲೇ ನಿಂತು, ನನಗೆ ಎಲ್ಲ ಗೊತ್ತಾಯಿತು ಎಂದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

“ನಾನು ಅವತ್ತೇ ಹೇಳಾಕೆ ಬಂದೆ. ಸುಮ್ನಿರು ಅಂದ್ರು. ಗೊತ್ತಾದ್ರೆ ಅವನಿಗೆ ಅವನ ವಾಚೇ ರುಚಿಸಲ್ಲ, ಎಲ್ಲಾ ಮಾರಿಬಿಡ್ತಾನೆ ಅಂದ್ರು. ನನ್ನ ಕಳ್ಳ ಅಂದ್ರೆ ಅನ್ಲಿ ಬಿಡು, ವಾಚು ಚೆನ್ನಾಗಿರ್ಲಿ ಅಂದ್ರು,” ಎಂದಳು.

ಅವನು ಒಳಗೆ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ತೆಳ್ಳಗಾಗಿದ್ದ. ಈಗ ಬೆಳಕು ಕತ್ತಲು ಬಿಟ್ಟು ಏನೂ ತಿಳಿಯುತ್ತಿರಲಿಲ್ಲ. ನಾನು ಅವನ ಕಾಲ ಹತ್ತಿರ ನೆಲದ ಮೇಲೆ ಕೂತು, ತಪ್ಪಾಯಿತು ಎಂದು ಹೇಳಲು ಶುರು ಮಾಡಿದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ, ಅತ್ತೆ. ಅವನು ನನ್ನ ತಲೆಯನ್ನು ಹುಡುಕಿ ಅದರ ಮೇಲೆ ಕೈಯಿಟ್ಟು, ಹೋಗ್ಲಿ ಬಿಡೋ ಎಂದ. ಡಬ್ಬಿಯ ಸದ್ದು ಕೇಳಿ ಮುಖ ಅರಳಿತು. ತಂದಿದ್ದೀಯಾ ಎಂದು ಕೈ ಚಾಚಿದ.

ಮೊದಲು ಕೊಟ್ಟದ್ದನ್ನು ಕಿವಿಗಿಟ್ಟು ಮಾರಿಕಣಿವೆದು ಎಂದ. ಗುಂಡಿ ಒತ್ತಿ ಓಡಿಸಿದ, ನಿಲ್ಲಿಸಿದ, ಹಿಂದಕ್ಕೆ ಹಾರಿಸಿದ. ಎರಡನೆಯದನ್ನು ಹಿಡಿದ ಕೂಡಲೇ ಡಾಕ್ಟ್ರದು ಎಂದು, ನನ್ನ ಮಣಿಕಟ್ಟು ಹಿಡಿದು ನಾಡಿ ನೋಡುವ ಆಟ ಆಡಿದ. ಹೆಂಡತಿಯನ್ನು ಕರೆದು ನೋಡೇ ಹೆಂಗೆ ಓಡ್ತಾವೆ ಅಂದ. ಅವಳೂ ಬಾಗಿಲಲ್ಲಿ ನಿಂತು ಸ್ವಲ್ಪ ನಕ್ಕಳು. ಅಷ್ಟರಲ್ಲಿ ಒಂದು ಲೋಟ ಮಜ್ಜಿಗೆ ನನ್ನ ಪಕ್ಕ ಬಂತು. ಎಲ್ಲ ಸರಿಹೋಯಿತು ಎಂದು ನನಗೆ ಅನಿಸಿದ ಗಳಿಗೆ ಅದು. ನಾನು ಮೂರನೆಯದನ್ನು, ಹೊಳಲ್ಕೆರೆಯದನ್ನು, ಅವನ ಕೈಯಲ್ಲಿಟ್ಟೆ.

ಅದನ್ನು ಅವನು ಕಿವಿಗೆ ಇಡಲಿಲ್ಲ. ಬೋರಲು ತಿರುಗಿಸಿ ಹೆಬ್ಬೆರಳಿನಿಂದ ಮುಚ್ಚಳದ ಅಂಚನ್ನು ನಿಧಾನವಾಗಿ ಸುತ್ತುಹಾಕಿದ. ಒಂದು ಕಡೆ ಬೆರಳು ನಿಂತಿತು. ಅಲ್ಲೇ ಹಿಂದಕ್ಕೆ ಮುಂದಕ್ಕೆ ಆಡಿಸಿದ. ಆಮೇಲೆ ಪಕ್ಕದಲ್ಲಿಟ್ಟಿದ್ದ ಇನ್ನೆರಡನ್ನೂ ಎತ್ತಿಕೊಂಡು ಅವುಗಳ ಅಂಚನ್ನೂ ಹಾಗೇ ಸವರಿ ನೋಡಿದ. ಅವನ ಮುಖದಲ್ಲಿದ್ದ ನಗು ಹೋಯಿತು.

“ಯಾರು ಬಿಚ್ಚಿದ್ದು?” ಎಂದು ಕೇಳಿದ.

ಹಿರಿಯೂರಿನವರ ವಿಷಯ ಹೇಳಿದೆ. ಒಳ್ಳೆಯವರು, ಉಸ್ತಾದರ ಶಿಷ್ಯನ ಮಗ, ಎಣ್ಣೆ ಹಾಕಿ ಕೊಟ್ಟರು, ಬೇರೇನೂ ಮುಟ್ಟಲಿಲ್ಲ ಎಂದೆ.

“ಚಾಕು ಜಾರೈತೆ,” ಎಂದ ಅವನು. “ಇಲ್ಲಿ ನೋಡು. ಮೂರಕ್ಕೂ ಜಾರೈತೆ.”

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮುಚ್ಚಳ ಎಬ್ಬಿಸುವ ಕಚ್ಚಿನ ಪಕ್ಕದಲ್ಲಿ ಕೂದಲಿನಷ್ಟು ಸಣ್ಣದೊಂದು ಹೊಸ ಗೀರು ಇತ್ತು. ಊರವರ ವಾಚುಗಳಲ್ಲಿ ಬದಲಾದ ಒಂದು ಸ್ಕ್ರೂ ಹುಡುಕಿ ಅವರ ಮುಖ ಬಾಡಿಸುತ್ತಿದ್ದ ನನಗೆ ಅದು ಕಂಡೇ ಇರಲಿಲ್ಲ. ನಲವತ್ತು ವರ್ಷದಲ್ಲಿ ಅವನ ಚಾಕು ಒಂದು ಸಲವೂ ಜಾರಿರಲಿಲ್ಲ. ಅರ್ಧ ಕಣ್ಣಿದ್ದಾಗಲೂ ಜಾರಿರಲಿಲ್ಲ. ಆ ಅಂಚು ಅವನು ಮುಚ್ಚಿದ ಹಾಗೆಯೇ ನುಣ್ಣಗೆ ಇರುತ್ತದೆ ಎಂದು ಅವನು ನಂಬಿದ್ದ, ಇನ್ನಾರೂ ಅದನ್ನು ಬಿಚ್ಚುವುದಿಲ್ಲ ಎಂದೂ ನಂಬಿದ್ದ. ಕಳ್ಳ ಎಂದಾಗ ಅಲುಗದಿದ್ದ ಮುಖ ಈಗ ಅಲುಗುತ್ತಿತ್ತು.

ನಾನು ಗಡಿಬಿಡಿಯಲ್ಲಿ ಹೇಳಿದೆ, ಈ ವಾಚುಗಳ ಮಾತು ಬಿಡು, ಇವುಗಳಲ್ಲಿರುವ ನಿನ್ನ ತುಂಡುಗಳನ್ನೆಲ್ಲ ತೆಗೆಸಿಬಿಡುತ್ತೇನೆ, ಉಸ್ತಾದರ ವಾಚಿಗೆ ಮತ್ತೆ ಹಾಕಿಸುತ್ತೇನೆ, ಅದು ಮೊದಲಿನ ಹಾಗೆ ಓಡಬೇಕು, ನಿನ್ನ ಕೈಮೇಲೆಯೇ ಇರಬೇಕು.

ಅವನು ಮೂರು ವಾಚನ್ನೂ ಒಂದೊಂದಾಗಿ ತಡವಿ ಹತ್ತಿಯಲ್ಲಿ ಸುತ್ತಿದ. ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆಗೆ ಸರಿಸಿದ. ಆಮೇಲೆ ಬರಿದಾದ ತನ್ನ ಎರಡು ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡ.

“ಯಾರ ಕೈಲಿ ಹಾಕ್ಸ್ತೀಯಪ್ಪ?” ಎಂದ.